ಲೆಕ್ಕ ಮಾಡುವವರು, ತಾಳೆ ನೋಡುವವರು: ಗಣಕ ವೃತ್ತಿಗಳ ಚರಿತ್ರೆಯಲ್ಲಿ ಹೊಣೆಗಾರಿಕೆಯ ಪ್ರಶ್ನೆ

1

ಗಣಕವೆಂಬುದು ಇಂದು ಯಂತ್ರವೊಂದರ ಹೆಸರು. ಮೂಲತಃ ಅದು ಮನುಷ್ಯನ ಹೆಸರಾಗಿತ್ತು. ಜ್ಯೋತಿಷಿಗೆ ಅಮರಕೋಶವು ಕೊಡುವ ಪರ್ಯಾಯಪದಗಳಲ್ಲಿ ಗಣಕ ಎಂಬುದೂ ಒಂದು. ಎಣಿಸುವವನು, ಲೆಕ್ಕ ಮಾಡುವವನು ಎಂಬುದು ಅದರ ಧಾತ್ವರ್ಥ. ಇಂಗ್ಲಿಷಿನಿಂದ ನಮಗೆ ಬಂದಿರುವ ಕಂಪ್ಯೂಟರ್ ಎಂಬ ಪದದ ಚರಿತ್ರೆಯೂ ಇದಕ್ಕಿಂತ ಭಿನ್ನವಲ್ಲ. ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೆ ಕಂಪ್ಯೂಟರ್ ಎಂದರೆ ಸಂಬಳಕ್ಕೆ ಲೆಕ್ಕ ಮಾಡುವ ನೌಕರ ಅಥವಾ ನೌಕರಳು. ಹೀಗೆ ಎರಡು ಭಾಷೆಗಳಲ್ಲಿಯೂ ಒಂದು ವೃತ್ತಿಯ ಹೆಸರು ಆ ವೃತ್ತಿಯನ್ನು ಕಸಿದುಕೊಂಡ ಯಂತ್ರಕ್ಕೆ ಸಂದಿತು.

ಹೆಸರು ದಾಟಿತು, ಕೆಲಸವೂ ದಾಟಿತು. ಹೊಣೆಯೂ ದಾಟಿತೇ ಎಂಬುದು ನಮ್ಮ ಪ್ರಶ್ನೆ. ತಪ್ಪು ಲೆಕ್ಕಕ್ಕೆ ಯಂತ್ರವು ಉತ್ತರ ಕೊಡಲಾರದು. ಉತ್ತರ ಕೊಡಬೇಕಾದವರು ಯಾರೋ ಇದ್ದೇ ಇರಬೇಕು. ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ಹುದ್ದೆಗಳನ್ನು ಕುರಿತ ಬರಹಗಳು ಸಾಮಾನ್ಯವಾಗಿ ವಿಶ್ಲೇಷಕ, ಕ್ರಮವಿಧಿಕಾರ, ಪರೀಕ್ಷಕ, ದತ್ತಸಂಚಯದ ನಿರ್ವಾಹಕ, ಜಾಲ ನಿರ್ವಾಹಕ ಮುಂತಾಗಿ ಒಂದು ಪಟ್ಟಿಯನ್ನು ಕೊಟ್ಟು ಪ್ರತಿಯೊಬ್ಬರ ಕರ್ತವ್ಯಗಳನ್ನು ಹೇಳಿ ಮುಗಿಸುತ್ತವೆ. ಆ ಹುದ್ದೆಗಳು ಒಂದರಿಂದೊಂದು ಏಕೆ ಬೇರ್ಪಟ್ಟವು, ಬೇರ್ಪಟ್ಟದ್ದರಿಂದ ಯಾರಿಗೆ ರಕ್ಷಣೆ ದೊರೆಯಿತು ಎಂಬುದನ್ನು ಚರಿತ್ರೆಯಿಂದ ಮಾತ್ರ ತಿಳಿಯಬಹುದು. ಈ ಚರಿತ್ರೆಯುದ್ದಕ್ಕೂ ಲೆಕ್ಕ ಮಾಡುವವರ ಪಕ್ಕದಲ್ಲಿ ಇನ್ನೊಬ್ಬರು ಕುಳಿತಿರುವುದನ್ನು ನಾವು ಕಾಣುತ್ತೇವೆ. ಅವರು ತಾಳೆ ನೋಡುವವರು. ಅವರ ಸ್ಥಾನ ಎಲ್ಲಿ ತೆರವಾಯಿತೋ ಅಲ್ಲಿ ತಪ್ಪಿನ ಭಾರವು ಅತ್ಯಂತ ದುರ್ಬಲರ ತಲೆಯ ಮೇಲೆ ಬಿದ್ದಿದೆ ಅಥವಾ ಬಹುಕಾಲ ಯಾರ ಕಣ್ಣಿಗೂ ಬೀಳದೆ ಬೆಳೆದಿದೆ. ಈ ಮಾತನ್ನು ಕೆಲವು ನಿದರ್ಶನಗಳ ಮೂಲಕ ಇಲ್ಲಿ ವಿವೇಚಿಸಲಾಗಿದೆ.

2

ಮೊದಲ ನಿದರ್ಶನವು ಯಂತ್ರಪೂರ್ವ ಕಾಲದ್ದು. ನಾವಿಕರು ಸಮುದ್ರದಲ್ಲಿ ತಮ್ಮ ರೇಖಾಂಶವನ್ನು ಕಂಡುಕೊಳ್ಳಲು ನೆರವಾಗುವ ಪಂಚಾಂಗವೊಂದನ್ನು ಇಂಗ್ಲೆಂಡಿನ ರಾಜಖಗೋಳಜ್ಞ ನೆವಿಲ್ ಮಾಸ್ಕೆಲಿನ್ 1767ರ ವರ್ಷದಿಂದ ಆರಂಭಿಸಿದನು. ಚಂದ್ರನ ಸ್ಥಾನವನ್ನು ದಿನದಿನಕ್ಕೂ ಗುಣಿಸಿ ಕೋಷ್ಟಕ ಮಾಡುವ ಕೆಲಸವನ್ನು ಬೇರೆ ಬೇರೆ ಊರುಗಳಲ್ಲಿದ್ದ ಲೆಕ್ಕಿಗರು ತಮ್ಮ ಮನೆಗಳಲ್ಲಿಯೇ ಕುಳಿತು ಮಾಡುತ್ತಿದ್ದರು. ಒಂದೇ ತಿಂಗಳ ಲೆಕ್ಕವನ್ನು ಇಬ್ಬರು ಪ್ರತ್ಯೇಕವಾಗಿ ಮಾಡಬೇಕು; ಇಬ್ಬರ ಉತ್ತರಗಳೂ ಮೂರನೆಯವನ ಕೈಗೆ ಹೋಗಬೇಕು; ಅವನು ಸಾಲುಸಾಲನ್ನೂ ಹೋಲಿಸಿ ಭೇದವಿದ್ದಲ್ಲಿ ಸರಿಯಾದುದನ್ನು ನಿರ್ಣಯಿಸಬೇಕು. ಈ ಮೂರನೆಯವನ ಹುದ್ದೆಗೆ ಕಂಪೇರರ್ ಎಂದು ಹೆಸರು. ಕನ್ನಡದಲ್ಲಿ ಹೇಳುವುದಾದರೆ ತಾಳೆಗಾರ. ಅಂಕಿಯೊಂದು ತಪ್ಪಿದರೆ ಹಡಗು ಬಂಡೆಗೆ ಬಡಿಯಬಹುದಾದ್ದರಿಂದ ಇಬ್ಬರಿಗೆ ಕೂಲಿ ಕೊಟ್ಟು ಮೂರನೆಯವನನ್ನು ನಿಯಮಿಸುವುದು ದುಂದುವೆಚ್ಚವೆಂದು ಎಣಿಕೆಯಾಗಲಿಲ್ಲ.

ಎರಡನೆಯ ನಿದರ್ಶನ ನಮ್ಮ ದೇಶದ್ದು. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ ಆಧಾರರೇಖೆಯನ್ನು ಅಳೆದು ಮಹಾ ತ್ರಿಕೋನಮಿತಿ ಸರ್ವೇಕ್ಷಣೆಗೆ ತಳಹದಿ ಹಾಕಿದನು. ಬೆಟ್ಟಗಳ ತುದಿಯಲ್ಲಿ ಕೋನಗಳನ್ನು ಅಳೆಯುವವರು ಒಂದು ವರ್ಗದವರು. ಆ ಕೋನಗಳಿಂದ ದೂರ ಎತ್ತರಗಳನ್ನು ಗುಣಿಸಿ ತೆಗೆಯುವವರು ಇನ್ನೊಂದು ವರ್ಗದವರು. ಈ ಎರಡನೆಯ ವರ್ಗದ ನೌಕರರೇ ಕಂಪ್ಯೂಟರುಗಳು. ಕಲ್ಕತ್ತೆಯ ಹಿಂದೂ ಕಾಲೇಜಿನ ವಿದ್ಯಾರ್ಥಿಯಾಗಿದ್ದ ರಾಧಾನಾಥ ಸಿಕ್ದಾರರು 1831ರಲ್ಲಿ ಈ ಇಲಾಖೆಯನ್ನು ಸೇರಿ ಮುಂದೆ ಮುಖ್ಯ ಕಂಪ್ಯೂಟರ್ ಹುದ್ದೆಗೆ ಏರಿದರು. ಹಿಮಾಲಯದ ಹದಿನೈದನೆಯ ಶಿಖರವೆಂದು ಗುರುತು ಹಾಕಿದ್ದ ಬೆಟ್ಟವೇ ಜಗತ್ತಿನಲ್ಲಿ ಅತ್ಯುನ್ನತವಾದುದೆಂಬುದು 1852ರ ಸುಮಾರಿಗೆ ಅವರ ವಿಭಾಗದ ಲೆಕ್ಕಗಳಿಂದ ಹೊರಬಿತ್ತು. ಆದರೆ ಸರ್ವೇಯರ್ ಜನರಲ್ ಆಂಡ್ರ್ಯೂ ವಾ ಅದರ ಎತ್ತರ 29,002 ಅಡಿಗಳೆಂದು ಪ್ರಕಟಿಸಿದ್ದು 1856ರಲ್ಲಿ. ನಡುವಣ ವರ್ಷಗಳು ಬಹುಮಟ್ಟಿಗೆ ಲೆಕ್ಕಗಳನ್ನು ಮರುಪರಿಶೀಲಿಸುವುದರಲ್ಲಿ ಕಳೆದವು. ಬೇರೆ ಬೇರೆ ಠಾಣೆಗಳಿಂದ ಕಂಡ ಕೋನಗಳು, ಬೆಳಕಿನ ವಕ್ರೀಭವನಕ್ಕೆ ಮಾಡಬೇಕಾದ ತಿದ್ದುಪಡಿ ಇವೆಲ್ಲವೂ ತಾಳೆಯಾಗುವವರೆಗೆ ಇಲಾಖೆ ಬಾಯಿ ಬಿಡಲಿಲ್ಲ.

ಇದೇ ಪ್ರಸಂಗದಲ್ಲಿ ಇನ್ನೊಂದು ಪಾಠವೂ ಇದೆ. ಥ್ಯೂಲಿಯರ್ ಮತ್ತು ಸ್ಮಿತ್ ಸಂಪಾದಿಸಿ 1851ರಲ್ಲಿ ಹೊರತಂದ ಭಾರತ ಸರ್ವೇಕ್ಷಣೆಯ ಕೈಪಿಡಿಯ ಮುನ್ನುಡಿಯಲ್ಲಿ ಸಿಕ್ದಾರರ ಸಹಾಯವನ್ನು ಸ್ಪಷ್ಟವಾಗಿ ನೆನೆಯಲಾಗಿತ್ತು. ಸಿಕ್ದಾರರು 1870ರಲ್ಲಿ ತೀರಿಕೊಂಡರು. 1875ರ ಪರಿಷ್ಕರಣದಲ್ಲಿ ಅವರ ಬರವಣಿಗೆ ಉಳಿಯಿತು, ಹೆಸರು ಹೋಯಿತು. ಅಂದಿನ ಪತ್ರಿಕೆಗಳಲ್ಲಿಯೇ ಇದಕ್ಕೆ ಆಕ್ಷೇಪ ಬಂದಿತು. ಲೆಕ್ಕ ಮಾಡಿದವರ ಹೆಸರನ್ನು ಅಳಿಸುವುದಕ್ಕೆ ಯಂತ್ರದ ಆಗಮನವನ್ನು ಕಾಯಬೇಕಾಗಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

3

ಯಂತ್ರಯುಗದ ಆರಂಭದಲ್ಲಿ ಹುದ್ದೆಗಳ ವಿಭಜನೆ ಬೇರೊಂದು ದಾರಿ ಹಿಡಿಯಿತು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸಿದ್ಧವಾದ ಎನಿಯಾಕ್ ಯಂತ್ರವನ್ನು 1946ರ ಫೆಬ್ರುವರಿಯಲ್ಲಿ ಸಾರ್ವಜನಿಕರಿಗೆ ತೋರಿಸಲಾಯಿತು. ಅದಕ್ಕೆ ಲೆಕ್ಕವನ್ನು ಹೂಡಿಕೊಡುತ್ತಿದ್ದವರು ಆರು ಮಂದಿ ಮಹಿಳೆಯರು: ಕೇ ಮಕ್‌ನಲ್ಟಿ, ಬೆಟ್ಟಿ ಜೆನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ ಬಿಲಾಸ್ ಮತ್ತು ರೂತ್ ಲಿಕ್ಟರ್‌ಮನ್. ಇವರು ಅದಕ್ಕೆ ಮೊದಲು ಫಿರಂಗಿಯ ಗುಂಡಿನ ಪಥವನ್ನು ಕೈಯಿಂದ ಗುಣಿಸುತ್ತಿದ್ದ ಕಂಪ್ಯೂಟರುಗಳಾಗಿದ್ದರು. ಮುಂದೆ ಗೋಲ್ಡ್‌ಸ್ಟೈನ್ ಮತ್ತು ವಾನ್ ನಾಯ್ಮನ್ 1947-48ರಲ್ಲಿ ಬರೆದ ವರದಿಗಳಲ್ಲಿ ಯೋಜಿಸುವುದು ಬೇರೆ, ಸಂಕೇತಕ್ಕೆ ಇಳಿಸುವುದು ಬೇರೆ ಎಂಬ ಭೇದ ಮೂಡಿತು. ಯೋಜಿಸುವುದು ವಿದ್ವಾಂಸರ ಕೆಲಸ, ಸಂಕೇತಿಸುವುದು ಗುಮಾಸ್ತರ ಕೆಲಸ ಎಂಬ ಭಾವನೆ ಆ ಕಾಲದಲ್ಲಿ ಬಲವಾಗಿತ್ತು. ಅನುಭವದಲ್ಲಿ ಈ ಗೆರೆ ನಿಲ್ಲಲಿಲ್ಲ. ಸಂಕೇತಿಸುವವರೇ ತಪ್ಪನ್ನು ಹುಡುಕಿ ತೆಗೆಯಬೇಕಾಯಿತು. ತಪ್ಪನ್ನು ಹುಡುಕಬೇಕಾದರೆ ಯೋಜನೆಯನ್ನು ಅರಿಯಬೇಕಾಯಿತು. ಈ ಎರಡೂ ಕೂಡಿ ಕ್ರಮವಿಧಿಕಾರ ಎಂಬ ಹೊಸ ವೃತ್ತಿ ರೂಪುಗೊಂಡಿತು.

ಭಾರತದಲ್ಲಿ ಈ ವೃತ್ತಿಗಳ ಮೊದಲ ಶಾಲೆಗಳು ಕಲ್ಕತ್ತೆ ಮತ್ತು ಮುಂಬಯಿಗಳಲ್ಲಿದ್ದವು. ಮಹಾಲನೋಬಿಸ್ ಅವರು 1931ರಲ್ಲಿ ಸ್ಥಾಪಿಸಿದ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ಎಚ್.ಇ.ಸಿ.-2ಎಂ ಯಂತ್ರವು 1956ರಲ್ಲಿ ಕೆಲಸಕ್ಕೆ ತೊಡಗಿತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಆರ್. ನರಸಿಂಹನ್ ಅವರ ನೇತೃತ್ವದಲ್ಲಿ ಕಟ್ಟಿದ ಯಂತ್ರವು 1960ರಲ್ಲಿ ಸಿದ್ಧವಾಗಿ 1962ರಲ್ಲಿ ಟಿಫ್ರಾಕ್ ಎಂಬ ಹೆಸರು ಪಡೆಯಿತು. ಇಲ್ಲಿ ಯಂತ್ರವನ್ನು ಕಟ್ಟಿದವರು, ಕ್ರಮವಿಧಿ ಬರೆದವರು, ಅದನ್ನು ಬಳಸಿದವರು ಬಹುಮಟ್ಟಿಗೆ ಒಂದೇ ಕೂಟದ ವಿಜ್ಞಾನಿಗಳು. ತಪ್ಪು ಮಾಡಿದವರೇ ಅದರ ಫಲವನ್ನು ಉಣ್ಣುವವರಾದ್ದರಿಂದ ಹೊಣೆಯ ಪ್ರಶ್ನೆ ಅಲ್ಲಿ ತಲೆಯೆತ್ತಲಿಲ್ಲ.

ಯಂತ್ರವು ಕಚೇರಿಗಳಿಗೆ ಬಂದಾಗ ಸನ್ನಿವೇಶ ಬದಲಾಯಿತು. ಅಂಕಿಅಂಶಗಳನ್ನು ರಟ್ಟಿನ ಕಾರ್ಡಿನಲ್ಲಿ ತೂತುಗಳಾಗಿ ಮೂಡಿಸುವ ಪಂಚ್ ಆಪರೇಟರ್ ಎಂಬ ಹುದ್ದೆ ಹುಟ್ಟಿತು. ಅದರ ಜೊತೆಯಲ್ಲಿಯೇ ವೆರಿಫೈಯರ್ ಆಪರೇಟರ್ ಎಂಬ ಹುದ್ದೆಯೂ ಹುಟ್ಟಿತು. ಒಬ್ಬರು ತೂತು ಮಾಡಿದ ಕಾರ್ಡನ್ನು ಇನ್ನೊಬ್ಬರು ತಮ್ಮ ಯಂತ್ರದಲ್ಲಿಟ್ಟು ಅದೇ ಮೂಲ ಕಾಗದವನ್ನು ನೋಡುತ್ತ ಅವೇ ಅಕ್ಷರಗಳನ್ನು ಮತ್ತೊಮ್ಮೆ ಒತ್ತುತ್ತಿದ್ದರು. ಒತ್ತಿದ್ದು ತೂತಿಗೆ ಹೊಂದದಿದ್ದರೆ ಕೆಂಪು ದೀಪ ಹೊತ್ತಿಕೊಂಡು ಯಂತ್ರ ನಿಲ್ಲುತ್ತಿತ್ತು. ಮೂರನೆಯ ಸಲವೂ ಹೊಂದದಿದ್ದರೆ ಆ ಕಂಬಸಾಲಿನ ನೆತ್ತಿಯಲ್ಲಿ ಒಂದು ಕಚ್ಚು ಬೀಳುತ್ತಿತ್ತು. ಇಡೀ ಕಾರ್ಡು ಸರಿಯಿದ್ದರೆ ಬಲತುದಿಯಲ್ಲಿ ಬೇರೊಂದು ಕಚ್ಚು. ಮಾಸ್ಕೆಲಿನ್ನನ ತಾಳೆಗಾರನೇ ಇಲ್ಲಿ ಹೊಸ ವೇಷದಲ್ಲಿ ಕುಳಿತಿದ್ದಾನೆ ಎಂದು ನಾವು ತಿಳಿಯಬಹುದು. ಒಂದು ಕೆಲಸಕ್ಕೆ ಎರಡು ಸಂಬಳ ಎಂದು ಹೊರನೋಟಕ್ಕೆ ಕಂಡರೂ ಅದು ಎರಡು ಬೇರೆ ಬೇರೆ ಕೆಲಸಗಳು. ಕಾಗದದಿಂದ ನೇರವಾಗಿ ಪರದೆಗೆ ನಮೂದಿಸುವ ಪದ್ಧತಿ ಹರಡಿದಂತೆ ಕಾರ್ಡು ಹೋಯಿತು; ಅನೇಕ ಕಚೇರಿಗಳಲ್ಲಿ ಅದರೊಡನೆ ಈ ಎರಡನೆಯ ಕುರ್ಚಿಯೂ ಹೋಯಿತು.

4

ಮುಂಬಯಿಯ ಕನ್ನಡಿಗರಿಗೆ ಈ ಚರಿತ್ರೆಯ ಮುಂದಿನ ಘಟ್ಟ ಬ್ಯಾಂಕಿನ ಮೂಲಕ ಪರಿಚಿತ. ಮಂಗಳೂರು ಉಡುಪಿಗಳಲ್ಲಿ ಹುಟ್ಟಿದ ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ ಬ್ಯಾಂಕುಗಳು ಆ ನಗರದಲ್ಲಿ ಶಾಖೆಗಳನ್ನು ತೆರೆದು ಅನೇಕ ಕನ್ನಡಿಗರಿಗೆ ಉದ್ಯೋಗ ಕೊಟ್ಟವು. ಇವುಗಳಲ್ಲಿ ವಿಜಯಾ ಬ್ಯಾಂಕು 2019ರಲ್ಲಿಯೂ ಕಾರ್ಪೊರೇಷನ್ ಮತ್ತು ಸಿಂಡಿಕೇಟ್ ಬ್ಯಾಂಕುಗಳು 2020ರಲ್ಲಿಯೂ ಇತರ ಬ್ಯಾಂಕುಗಳಲ್ಲಿ ವಿಲೀನವಾದವು.

ಲೆಡ್ಜರಿನ ಕಾಲದ ಬ್ಯಾಂಕಿನಲ್ಲಿ ಹಣದ ಪ್ರತಿಯೊಂದು ಚಲನೆಗೂ ಎರಡು ಕೈಗಳ ಸಾಕ್ಷ್ಯವಿತ್ತು. ಗುಮಾಸ್ತನು ಬರೆಯಬೇಕು, ಅಧಿಕಾರಿಯು ನೋಡಿ ಚಿಕ್ಕ ರುಜು ಹಾಕಬೇಕು. ದಿನದ ಕೊನೆಗೆ ಮೊತ್ತಗಳು ಹೊಂದದಿದ್ದರೆ ಹೊಂದುವವರೆಗೆ ಹುಡುಕಬೇಕು. ಯಂತ್ರೀಕರಣವನ್ನು ನೌಕರರ ಸಂಘಗಳು ಬಹುಕಾಲ ವಿರೋಧಿಸಿದ್ದು ಪ್ರಧಾನವಾಗಿ ಉದ್ಯೋಗನಷ್ಟದ ಭಯದಿಂದ. ಜೀವವಿಮಾ ನಿಗಮದಲ್ಲಿ 1960ರ ದಶಕದಲ್ಲಿ ತೀವ್ರವಾಗಿದ್ದ ಈ ವಿವಾದದ ಹಿನ್ನೆಲೆಯಲ್ಲಿ ಕೇಂದ್ರ ಸರ್ಕಾರ ಪುಣೆಯ ಅರ್ಥಶಾಸ್ತ್ರಜ್ಞ ವಿ.ಎಂ. ದಾಂಡೇಕರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು; ಅದರ ವರದಿ 1972ರಲ್ಲಿ ಬಂದಿತು. ಬ್ಯಾಂಕುಗಳಲ್ಲಿ 1983ರ ಒಪ್ಪಂದ, ಅದರ ಹಿಂದೆಯೇ 1984ರ ರಂಗರಾಜನ್ ಸಮಿತಿಯ ವರದಿ, ಬಳಿಕ ಲೆಡ್ಜರ್ ಬರೆಯುವ ಯಂತ್ರಗಳು, ಮುಂದೆ ಎಲ್ಲ ಶಾಖೆಗಳನ್ನೂ ಜೋಡಿಸುವ ಕೇಂದ್ರೀಯ ವ್ಯವಸ್ಥೆ ಹೀಗೆ ಬದಲಾವಣೆ ಹಂತಹಂತವಾಗಿ ನಡೆಯಿತು. ಇಷ್ಟೆಲ್ಲ ಬದಲಾದರೂ ಎರಡು ಕೈಗಳ ತತ್ತ್ವವನ್ನು ಬ್ಯಾಂಕುಗಳು ಬಿಡಲಿಲ್ಲ. ಮೇಕರ್, ಚೆಕರ್ ಎಂಬ ಹೆಸರಿನಲ್ಲಿ ಅದು ಯಂತ್ರದೊಳಗೂ ಪ್ರವೇಶಿಸಿತು: ನಮೂದಿಸಿದವರು ತಾವೇ ಅದನ್ನು ಅನುಮೋದಿಸುವಂತಿಲ್ಲ.

ಈ ತತ್ತ್ವವು ಹೆಸರಿಗೆ ಮಾತ್ರ ಉಳಿದರೆ ಏನಾಗುವುದೆಂಬುದನ್ನು ಮುಂಬಯಿಯೇ ಕಂಡಿತು. ಅಲ್ಲಿನ ಒಂದು ಶಾಖೆಯಲ್ಲಿ 11,000 ಕೋಟಿ ರೂಪಾಯಿಗೂ ಮೀರಿದ ವಂಚನೆ ನಡೆದಿರುವುದಾಗಿ ಪಂಜಾಬ್ ನ್ಯಾಷನಲ್ ಬ್ಯಾಂಕು 2018ರ ಫೆಬ್ರುವರಿಯಲ್ಲಿ ಪ್ರಕಟಿಸಿತು. ವಿದೇಶಗಳಲ್ಲಿನ ಬ್ಯಾಂಕುಗಳಿಗೆ ಹಣದ ಭರವಸೆ ಕೊಡುವ ಸಂದೇಶಗಳು ಸ್ವಿಫ್ಟ್ ಜಾಲದ ಮೂಲಕ ಹೋಗಿದ್ದವು. ಬ್ಯಾಂಕಿನ ಕೇಂದ್ರೀಯ ಲೆಕ್ಕದಲ್ಲಿ ಅವು ನಮೂದಾಗಿರಲಿಲ್ಲ. ಎರಡು ವ್ಯವಸ್ಥೆಗಳ ನಡುವೆ ಕೊಂಡಿ ಇರಲಿಲ್ಲ. ಒಂದನ್ನು ಇನ್ನೊಂದರೊಡನೆ ಹೋಲಿಸುವ ನಿತ್ಯದ ಕೆಲಸವೂ ನಡೆದಿರಲಿಲ್ಲ. ಅನಂತರ ಇವೆರಡನ್ನೂ ಜೋಡಿಸಲು ರಿಸರ್ವ್ ಬ್ಯಾಂಕು ಗಡುವು ವಿಧಿಸಿತು. ಲೆಡ್ಜರಿನ ಕಾಲದ ಹಿರಿಯ ಗುಮಾಸ್ತನಿಗೆ ಇದು ಹೊಸ ಉಪದೇಶವೇನಲ್ಲ. ಎರಡು ಪುಸ್ತಕಗಳಿದ್ದರೆ ಸಂಜೆಗೆ ತಾಳೆ ಹಾಕಬೇಕೆಂಬುದು ಅವನ ಮೊದಲ ಪಾಠ.

ತಂತ್ರಾಂಶ ರಚನೆಯ ಕ್ಷೇತ್ರವೂ ತನ್ನ ಅನುಭವದಿಂದ ಇದೇ ನಿಲುವಿಗೆ ಬಂದಿತು. ತಂತ್ರಾಂಶದ ಪರೀಕ್ಷೆಯನ್ನು ಕುರಿತು 1979ರಲ್ಲಿ ಪ್ರಕಟವಾದ ಗ್ಲೆನ್‌ಫರ್ಡ್ ಮೈಯರ್ಸರ ಗ್ರಂಥವು, ಬರೆದವರು ತಮ್ಮ ಕ್ರಮವಿಧಿಯನ್ನು ತಾವೇ ಪರೀಕ್ಷಿಸುವುದನ್ನು ಬಿಡಬೇಕೆಂಬ ಸೂತ್ರವನ್ನು ಮುಂದಿಟ್ಟಿತು. ಇಂದು ಬೆಂಗಳೂರು, ಪುಣೆ, ಹೈದರಾಬಾದು, ಚೆನ್ನೈಗಳಲ್ಲಿ ಪರೀಕ್ಷಕ ಹುದ್ದೆಯಲ್ಲಿರುವ ಯುವಕ ಯುವತಿಯರು ತಾವು ಇಂಥ ದೀರ್ಘ ಪರಂಪರೆಯ ವಾರಸುದಾರರೆಂಬುದನ್ನು ಬಹುಶಃ ಅರಿತಿರಲಾರರು.

5

ಕನ್ನಡನಾಡಿನಲ್ಲಿ ಈ ಪ್ರಶ್ನೆಗೆ ತನ್ನದೇ ಆದ ಹಿನ್ನೆಲೆಯಿದೆ. ನಮ್ಮ ಶಾಸನಗಳಲ್ಲಿ ಅನೇಕವು ತಮ್ಮ ಕೊನೆಯಲ್ಲಿ ಪಾಠವನ್ನು ರಚಿಸಿದವನು, ಬರೆದವನು, ಕಂಡರಿಸಿದವನು ಎಂದು ಆಯಾ ವ್ಯಕ್ತಿಗಳ ಹೆಸರುಗಳನ್ನು ಬೇರೆ ಬೇರೆಯಾಗಿ ಹೇಳುತ್ತವೆ. ಭೂಮಿಯ ದಾನವು ಕಲ್ಲಿನ ಮೇಲೆ ಶಾಶ್ವತವಾಗುವಾಗ ಅದರ ಅಕ್ಷರಗಳಿಗೆ ಹೊಣೆಯಾದವರೂ ಅಲ್ಲಿಯೇ ನಿಲ್ಲುತ್ತಾರೆ. ಸೇನಬೋವ, ಕರಣಿಕ, ಶಾನುಭೋಗ ಎಂದು ಬೇರೆ ಬೇರೆ ಕಾಲದೇಶಗಳಲ್ಲಿ ಕರೆಸಿಕೊಂಡ ಗ್ರಾಮಲೆಕ್ಕಿಗನು ಈ ಪರಂಪರೆಗೆ ಸೇರಿದವನು. ವಂಶಪಾರಂಪರ್ಯದ ಈ ಹುದ್ದೆಯನ್ನು 1961ರ ಮೈಸೂರು ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ ಕೊನೆಗಾಣಿಸಿತು. ಶಾನುಭೋಗರ ಜಾಗಕ್ಕೆ ಸಂಬಳದ ಗ್ರಾಮಲೆಕ್ಕಿಗರು ಬಂದರು. ಪಹಣಿ ಮಾತ್ರ ಹಿಂದಿನಂತೆಯೇ ಒಬ್ಬರ ಕೈಯಲ್ಲಿ ಉಳಿಯಿತು. ಬರೆಯುವವರೂ ಅವರೇ, ಕಾಯುವವರೂ ಅವರೇ, ನಕಲು ಕೊಡುವವರೂ ಅವರೇ. ರೈತನಿಗೆ ತನ್ನ ಹೊಲದ ದಾಖಲೆಯನ್ನು ನೋಡಬೇಕಾದರೆ ಅವರ ಕೃಪೆ ಬೇಕಾಗಿತ್ತು.

ಕರ್ನಾಟಕ ಸರ್ಕಾರ 2001ರಲ್ಲಿ ಜಾರಿಗೆ ತಂದ ಭೂಮಿ ಯೋಜನೆ ಈ ಏಕಹಸ್ತದ ವ್ಯವಸ್ಥೆಯನ್ನು ಒಡೆಯಿತು. ಸುಮಾರು 9,000 ಗ್ರಾಮಲೆಕ್ಕಿಗರ ಬಳಿ ಇದ್ದ, 67 ಲಕ್ಷದಷ್ಟು ಭೂಮಾಲೀಕರಿಗೆ ಸಂಬಂಧಿಸಿದ, ಸುಮಾರು 2 ಕೋಟಿ ದಾಖಲೆಗಳು ಗಣಕಕ್ಕೆ ಸೇರಿದವು. ನಮೂದಿಸಿದವರು ಒಬ್ಬರು; ಮುದ್ರಿತ ಪ್ರತಿಯನ್ನು ಮೂಲ ಪುಸ್ತಕದೊಡನೆ ಹೋಲಿಸಿದವರು ಗ್ರಾಮಲೆಕ್ಕಿಗರು. ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿ ಕೊಟ್ಟವರಿಗೆ ಪಹಣಿಯ ಪ್ರತಿ ದೊರೆಯತೊಡಗಿತು; ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ವ್ಯವಸ್ಥೆಯನ್ನು ಪ್ರವೇಶಿಸುವ ನೌಕರರು ಬೆರಳಚ್ಚು ಒತ್ತಬೇಕು. ಹಕ್ಕು ಬದಲಾವಣೆಯ ಅರ್ಜಿಗಳು ಬಂದ ಸರದಿಯಂತೆಯೇ ಸಾಗಬೇಕು. ಅರ್ಜಿ, ತಿಳುವಳಿಕೆ ಪತ್ರ, ಆದೇಶ, ನಮೂದು ಎಂಬ ಒಂದೊಂದು ಹಂತಕ್ಕೂ ಒಬ್ಬೊಬ್ಬ ಹೊಣೆಗಾರ.

ಈ ಏರ್ಪಾಡಿನ ಒಂದು ಅಂಶ ನಮ್ಮ ವಿಷಯಕ್ಕೆ ಅತ್ಯಂತ ಮುಖ್ಯವಾದುದು. ಕಿಟಕಿಯಲ್ಲಿ ನೌಕರನ ಪರದೆಯಲ್ಲದೆ ಇನ್ನೊಂದು ಪರದೆಯನ್ನು ಅರ್ಜಿದಾರನ ಕಡೆಗೆ ತಿರುಗಿಸಿ ಇಡಲಾಯಿತು. ಒಳಗೆ ಒತ್ತಿದ ಅಕ್ಷರ ಹೊರಗೆ ನಿಂತ ರೈತನಿಗೂ ಕಾಣುತ್ತಿತ್ತು, ಅದೂ ಕನ್ನಡದಲ್ಲಿ. ತನ್ನ ಹೆಸರು, ಸರ್ವೆ ನಂಬರು, ವಿಸ್ತೀರ್ಣ ಇವು ಸರಿಯೇ ಎಂದು ನೋಡುವ ತಾಳೆಗಾರನ ಸ್ಥಾನ ಸ್ವತಃ ರೈತನಿಗೇ ದೊರೆಯಿತು. ಗಣಕದಲ್ಲಿ ಕನ್ನಡದ ಬಳಕೆಯನ್ನು ನಾವು ಭಾಷಾಭಿಮಾನದ ದೃಷ್ಟಿಯಿಂದ ಸಮರ್ಥಿಸುವುದು ರೂಢಿ. ಇಲ್ಲಿ ಅದು ಹೊಣೆಗಾರಿಕೆಯ ಉಪಕರಣವಾಗಿದೆ. ಓದಲಾಗದ ದಾಖಲೆಯನ್ನು ಯಾರೂ ತಾಳೆ ನೋಡಲಾರರು.

ಆದರೆ ಈ ಯೋಜನೆಗೆ ಮಿತಿಗಳೂ ಇದ್ದವು. ಹಳೆಯ ಪುಸ್ತಕದಲ್ಲಿದ್ದ ತಪ್ಪು ಯಥಾವತ್ತಾಗಿ ಹೊಸದಕ್ಕೂ ಇಳಿಯಿತು, ಮುದ್ರಿತ ಅಕ್ಷರದ ಗೌರವವೂ ಅದಕ್ಕೆ ದೊರೆಯಿತು. ಪುಸ್ತಕವು ಪುಸ್ತಕದೊಡನೆ ಹೊಂದಿದ ಮಾತ್ರಕ್ಕೆ ನೆಲದೊಡನೆ ಹೊಂದಿತೆಂದಾಗದು. ಊರಿನಲ್ಲಿಯೇ ದೊರೆಯುತ್ತಿದ್ದ ಲೆಕ್ಕಿಗನಲ್ಲಿ ಹೇಳಿಕೊಳ್ಳಬಹುದಾದುದನ್ನು ಹೇಳಲು ತಾಲ್ಲೂಕಿಗೆ ಹೋಗಬೇಕಾಯಿತು. ಓದುಬಾರದವರಿಗೆ ಎರಡನೆಯ ಪರದೆಯೂ ಮೂಕವೇ.

6

ಹೊರದೇಶದ ಒಂದು ನಿದರ್ಶನವನ್ನು ಇಲ್ಲಿ ಹೋಲಿಸಬಹುದು. ಬ್ರಿಟನ್ನಿನ ಅಂಚೆ ಸಂಸ್ಥೆ 1999ರಿಂದ ತನ್ನ ಶಾಖೆಗಳಲ್ಲಿ ಹೊರೈಜನ್ ಎಂಬ ಲೆಕ್ಕದ ವ್ಯವಸ್ಥೆಯನ್ನು ಅಳವಡಿಸಿತು. ಯಂತ್ರವು ತೋರಿಸಿದ ಕೊರತೆಯನ್ನು ತುಂಬಿಕೊಡುವ ಹೊಣೆಯನ್ನು ಶಾಖೆ ನಡೆಸುವ ಉಪ ಅಂಚೆ ಪಾಲಕರ ಮೇಲೆ ಹೊರಿಸಲಾಯಿತು. ಆ ಕೊರತೆ ಹೇಗೆ ಬಂದಿತೆಂದು ಪರಿಶೀಲಿಸುವ ಸಾಧನ ಅವರ ಕೈಯಲ್ಲಿರಲಿಲ್ಲ. ಯಂತ್ರ ಸರಿಯಾಗಿಯೇ ಕೆಲಸ ಮಾಡಿದೆಯೆಂದು ಸಾಬೀತುಪಡಿಸಬೇಕೆಂಬ ನಿಯಮವನ್ನು ಅಲ್ಲಿನ ಶಾಸನಸಭೆ 1999ರಲ್ಲಿಯೇ ತೆಗೆದುಹಾಕಿತ್ತು. 2015ರವರೆಗೆ 900ಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. ಹಲವರು ಸೆರೆಮನೆ ಕಂಡರು. ವ್ಯವಸ್ಥೆಯಲ್ಲಿ ದೋಷಗಳಿದ್ದವು, ದೂರದಿಂದ ಖಾತೆಗಳನ್ನು ತಿದ್ದುವುದೂ ಸಾಧ್ಯವಿತ್ತು ಎಂದು ನ್ಯಾಯಾಲಯ 2019ರಲ್ಲಿ ತೀರ್ಪಿತ್ತಿತು. ಶಿಕ್ಷೆಗಳನ್ನು ಒಟ್ಟಾಗಿ ರದ್ದುಪಡಿಸಲು 2024ರಲ್ಲಿ ವಿಶೇಷ ಕಾನೂನೇ ಬೇಕಾಯಿತು. ಹೊಣೆಯನ್ನು ಒಬ್ಬರಿಗೂ ತಾಳೆ ನೋಡುವ ಅಧಿಕಾರವನ್ನು ಇನ್ನೊಬ್ಬರಿಗೂ ಹಂಚಿದ್ದರ ಪರಿಣಾಮವಿದು.

ಭಾರತದ ಕಾನೂನು ಈ ವಿಷಯದಲ್ಲಿ ಬೇರೆ ದಾರಿ ಹಿಡಿದಿದೆ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ಮೂಲಕ ಸಾಕ್ಷ್ಯ ಅಧಿನಿಯಮಕ್ಕೆ ಸೇರಿದ 65ಬಿ ಕಲಮು, ಗಣಕದಿಂದ ಹೊರಬಂದ ದಾಖಲೆಯೊಡನೆ ಆ ಯಂತ್ರದ ಹೊಣೆ ಹೊತ್ತ ಸ್ಥಾನದಲ್ಲಿರುವ ವ್ಯಕ್ತಿಯ ಪ್ರಮಾಣಪತ್ರವನ್ನು ಬಯಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ಪ್ರಮಾಣಪತ್ರವನ್ನು ಎರಡು ಭಾಗ ಮಾಡಿದೆ: ಒಂದಕ್ಕೆ ದಾಖಲೆ ಹಾಜರುಪಡಿಸುವವರ ರುಜು, ಇನ್ನೊಂದಕ್ಕೆ ತಜ್ಞರ ರುಜು. ಈ ರುಜುಗಳು ನ್ಯಾಯಾಲಯಗಳಲ್ಲಿ ಬರಿಯ ಶಾಸ್ತ್ರವಾಗಿ ಉಳಿಯುವ ಅಪಾಯವಿದೆಯಾದರೂ, ಯಂತ್ರದ ಮಾತಿಗೆ ಮನುಷ್ಯರಿಬ್ಬರು ಹೊಣೆ ನಿಲ್ಲಬೇಕೆಂಬ ತತ್ತ್ವವನ್ನು ಕಾನೂನು ಒಪ್ಪಿದೆ.

ಇಂದು ಕ್ರಮವಿಧಿಗಳನ್ನು ಯಂತ್ರವೇ ಬರೆಯತೊಡಗಿದೆ. ಅವುಗಳ ಪರೀಕ್ಷೆಯನ್ನೂ ಯಂತ್ರಕ್ಕೇ ಒಪ್ಪಿಸುವ ಪ್ರಯತ್ನಗಳಿವೆ. ಯಾವ ಹುದ್ದೆ ಉಳಿದೀತು, ಯಾವುದು ಅಳಿದೀತು ಎಂಬ ಚರ್ಚೆ ಎಲ್ಲೆಡೆ ನಡೆದಿದೆ. ಮೇಲಿನ ಚರಿತ್ರೆಯನ್ನು ಗಮನಿಸಿದರೆ ಈ ಚರ್ಚೆಯಲ್ಲಿ ಮೊದಲು ಕೇಳಬೇಕಾದದ್ದು ತಾಳೆ ನೋಡುವವರು ಯಾರು, ಹಾಗೆ ನೋಡಲು ಅವರಿಗೆ ಬೇಕಾದ ಮೂಲ ಕಾಗದ, ಸಮಯ, ಅಧಿಕಾರಗಳು ಇವೆಯೇ ಎಂಬುದನ್ನೇ ಎಂದು ನಮಗೆ ತೋರುತ್ತದೆ.

ಈ ಚರಿತ್ರೆಯ ಬಹುಭಾಗ ಇನ್ನೂ ಬರೆಯಬೇಕಾದುದು. ಮುಂಬಯಿ, ಪುಣೆ, ಹೈದರಾಬಾದು, ದೆಹಲಿಗಳ ಬ್ಯಾಂಕು, ವಿಮೆ, ಸರ್ಕಾರಿ ಕಚೇರಿಗಳಲ್ಲಿ ಲೆಡ್ಜರಿನಿಂದ ಯಂತ್ರಕ್ಕೆ ದಾಟಿದ ಹೊರನಾಡ ಕನ್ನಡಿಗರ ತಲೆಮಾರು ಈಗ ನಿವೃತ್ತವಾಗಿದೆ. ಕಾರ್ಡು ತೂತು ಮಾಡಿದವರು, ಅದನ್ನು ಮತ್ತೆ ಒತ್ತಿ ನೋಡಿದವರು, ಸಂಜೆಯ ಮೊತ್ತ ಹೊಂದದೆ ಕೊನೆಯ ಲೋಕಲ್ ಗಾಡಿ ತಪ್ಪಿಸಿಕೊಂಡವರು ನಮ್ಮ ನಡುವೆ ಇದ್ದಾರೆ. ಅವರ ಹುದ್ದೆಯ ಹೆಸರುಗಳು, ಕರ್ತವ್ಯಪಟ್ಟಿಗಳು, ಅವರು ಬಳಸುತ್ತಿದ್ದ ಮಾತುಗಳು ಇವುಗಳನ್ನು ಅವರ ಬಾಯಿಂದಲೇ ಕೇಳಿ ದಾಖಲಿಸುವ ಕಾರ್ಯ ವಿಳಂಬವಿಲ್ಲದೆ ಆರಂಭವಾಗಬೇಕು. 1875ರ ಕೈಪಿಡಿಯಲ್ಲಿ ಸಿಕ್ದಾರರ ಹೆಸರಿಗೆ ಆದದ್ದು ಈ ತಲೆಮಾರಿನ ಹೆಸರುಗಳಿಗೆ ಆಗದಂತೆ ನೋಡಿಕೊಳ್ಳುವುದು ಹೊರನಾಡಿನ ಕನ್ನಡ ವಿಭಾಗಗಳಿಂದ ಆಗಬಹುದಾದ ಕೆಲಸ.